ಬಟ್ಟೆಗೆ ಚುಚ್ಚಿದ ಇಂಗ್ಲಿಷು

ಊಟಕ್ಕೆ ಕೂತ ಮಗಳು ಉಪ್ಪು ಕೇಳುವಷ್ಟೇ ಸಲೀಸಾಗಿ, "ಅಮ್ಮ, ಬರೋ ತಿಂಗಳು ಒಂದನೇ ತಾರೀಖಿಂದ ಮಧ್ಯಾಹ್ನ ಹನ್ನೆರಡು ಗಂಟೆ ಇಂಗ್ಲಿಷ್ ನ್ಯೂಸ್ ನಾನೇ ಓದ್ತೀನಿ" ಎಂದಳು. ನನ್ನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. ಎರಡು ವರ್ಷದಿಂದ ಅವಳು ಆ ಟೀವಿ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಸುದ್ದಿ ಬರೆದುಕೊಡುತ್ತಿದ್ದಳು. ಇನ್ನು ಕ್ಯಾಮೆರಾದ ಮುಂದೆ ಬಂದು ಕೂರುತ್ತಾಳೆ, ಊರೆಲ್ಲ ನೋಡುತ್ತದೆ. ನನಗೆ ಹಿಗ್ಗು ತಡೆಯಲಾಗಲಿಲ್ಲ. "ಏನೇನು ಇರುತ್ತೇ ಅದರಲ್ಲಿ? ಸ್ವಲ್ಪ ಹೇಳೇ" ಎಂದೆ.

"ಬಿಡಮ್ಮ, ನಿಂಗೆ ಅರ್ಥ ಆಗಲ್ಲ. ನನ್ನ ಮುಖ ನೋಡ್ಕೊಂಡು ಕೂತ್ಕೋ, ಸಾಕು."

ಮುಖ ನೋಡುವುದಕ್ಕೆ ಟೀವಿ ಯಾಕೆ ಬೇಕು? ಆ ಮುಖವನ್ನು ಇಪ್ಪತ್ತಾರು ವರ್ಷದಿಂದ ಬಿಟ್ಟಿಯಾಗಿ ನೋಡುತ್ತಿದ್ದೇನೆ. ಸಿಂಬಳ ಸುರಿಯುವಾಗಲೂ ನೋಡಿದ್ದೇನೆ, ಹಲ್ಲು ಬಿದ್ದಾಗಲೂ ನೋಡಿದ್ದೇನೆ. ಅವಳು ಬಾಯಿ ತೆರೆದು ಲೋಕಕ್ಕೆಲ್ಲ ಏನೋ ಹೇಳುತ್ತಿರಬೇಕು, ಹೆತ್ತ ನಾನು ಮಾತ್ರ ಮೂಕಿ ಸಿನಿಮಾ ನೋಡಿದ ಹಾಗೆ ಪಿಳಿಪಿಳಿ ಕಣ್ಣು ಬಿಡಬೇಕು ಎಂದರೆ ಯಾವ ನ್ಯಾಯ? ಎದ್ದು ಪಾತ್ರೆ ತೊಳೆದೆ, ಸ್ವಲ್ಪ ಜೋರಾಗಿಯೇ ತೊಳೆದೆ. ಒಂದನೇ ತಾರೀಖಿನೊಳಗೆ ಇಂಗ್ಲಿಷ್ ನ್ಯೂಸ್ ಅರ್ಥವಾಗುವಷ್ಟು ಕಲಿತೇ ತೀರಬೇಕು, ಅವಳ ಹತ್ತಿರ ಕಲಿಯಬಾರದು, ಅವಳಿಗೆ ಗೊತ್ತೂ ಆಗಬಾರದು ಎಂದು ಆ ನಲ್ಲಿಯ ಕೆಳಗೇ ತೀರ್ಮಾನಿಸಿದೆ. ಅವಳನ್ನು ಕೇಳಿದ್ದರೆ "ಪಾಪ ಅಮ್ಮ" ಎಂದುಕೊಂಡು ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಡುತ್ತಿದ್ದಳು. ನನಗೆ ಆ ಪಾಪ ಬೇಕಿರಲಿಲ್ಲ.

ನನಗೆ ಇಂಗ್ಲಿಷು ಬರುವುದೇ ಇಲ್ಲ ಎಂದೇನೂ ಅಲ್ಲ. ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ಸ್ಲೀವ್, ಕಾಲರ್, ಲೈನಿಂಗ್, ಫಿಟ್ಟಿಂಗ್, ಜಿಪ್ಪು, ಹೀಗೆ ಬಟ್ಟೆಯೊಳಗಿನ ಇಂಗ್ಲಿಷು ನನಗೆ ನೀರು ಕುಡಿದಷ್ಟು ಸುಲಭ. ಅಕ್ಷರಗಳೂ ಬರುತ್ತವೆ. ಬಟ್ಟೆಯ ಆಚೆಗಿನ ಇಂಗ್ಲಿಷಿನದೇ ತಾಪತ್ರಯ.

ಕಲಿಸುವ ಮೇಷ್ಟ್ರು ನಮ್ಮ ಮನೆಯವರೇ ಇದ್ದರು. ನನ್ನವರು ಹೋಗಿ ಹನ್ನೆರಡು ವರ್ಷವಾದರೂ ಅವರ ಅಣ್ಣ, ನನ್ನ ಭಾವ, ದಿನಾ ಬೆಳಗ್ಗೆ ಹತ್ತಕ್ಕೆ ಪೇಪರು ಹಿಡಿದುಕೊಂಡು ಅಂಗಡಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮೂವತ್ತು ವರ್ಷ ಇಂಗ್ಲಿಷ್ ಪತ್ರಿಕೆಯ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಿದ ಬೆರಳು ಅವರದು. "ನಾನು ಓದಿದಷ್ಟು ನ್ಯೂಸು ಮಂತ್ರಿನೂ ಓದಿಲ್ಲ" ಎಂದು ಹೇಳಿಕೊಳ್ಳುತ್ತಾರೆ. ಅರ್ಥ ಕೇಳಿದರೆ ಒಮ್ಮೊಮ್ಮೆ, "ಅರ್ಥ ನೋಡ್ತಾ ಕೂತಿದ್ರೆ ಪೇಪರ್ ಹೊತ್ತಿಗೆ ಸರಿಯಾಗಿ ಬರ್ತಿರಲಿಲ್ಲಮ್ಮ" ಎಂದು ಜಾರಿಕೊಳ್ಳುತ್ತಾರೆ. ನನಗೆ ಕಲಿಸಿಕೊಡಿ ಎಂದು ಕೇಳಿದಾಗ, ಅದಕ್ಕೇ ಒಂದು ದಪ್ಪ ನಿಘಂಟನ್ನೂ ಸಂಗಡ ತಂದರು.

"ಮೂವತ್ತು ದಿನ, ದಿನಕ್ಕೈದು ಪದ. ನೂರೈವತ್ತಾಯ್ತು. ನ್ಯೂಸಲ್ಲಿ ಮತ್ತೆ ಮತ್ತೆ ಬರೋದು ಅಷ್ಟೇ. ಮಿಕ್ಕಿದ್ದು ಮಸಾಲೆ" ಎಂದರು ಭಾವ.

"ನಂಗೂ ಹೇಳಿಕೊಡಿ ಭಾವನೋರೇ. ಸುಮ್ನೆ ಕಾಜಾ ಹಾಕ್ತಾ ಕೂತಿರ್ತೀನಿ, ಕಿವಿ ಖಾಲಿನೇ ಇರುತ್ತೆ" ಎಂದಳು ಕಾಜಾ ಅಕ್ಕ. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅಂಗಡಿ ಶುರುವಾದಾಗಿನಿಂದ ಗುಂಡಿ ಹೊಲಿಯುವುದು, ಗುಂಡಿಯ ತೂತಿಗೆ ಕಾಜಾ ಹಾಕುವುದು ಅವಳ ಕೆಲಸ. ಸೂಜಿಯಷ್ಟೇ ಚುರುಕು ಬಾಯಿಯೂ.

ಮೊದಲ ವಾರ ನನ್ನ ಮಾನ ಹೋಯಿತು. ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಐದು ಪದ ಉರು ಹೊಡೆಯುತ್ತಿದ್ದೆ. ಮರುದಿನ ಭಾವ ಕೇಳಿದರೆ ತಲೆಯೊಳಗೆ ಒಂದೂ ಇರುತ್ತಿರಲಿಲ್ಲ. "ಬಜೆಟ್ ಅಂದ್ರೆ?" ಎಂದು ಅವರು ಕೇಳಿದರೆ ನಾನು ಮಷೀನಿಗೆ ಎಣ್ಣೆ ಬಿಡುವ ನೆಪ ಮಾಡುತ್ತಿದ್ದೆ. ಆ ವಾರ ಮಷೀನು ಕುಡಿದಷ್ಟು ಎಣ್ಣೆಯನ್ನು ಹುಟ್ಟಿದಾಗಿನಿಂದ ಕುಡಿದಿರಲಿಕ್ಕಿಲ್ಲ.

ಎಂಟನೇ ದಿನ ಬ್ಯಾಂಕಿನವರು ಬಂದರು. ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಅದೇ ಬೂದು ಪ್ಯಾಂಟನ್ನು ಮೂರನೇ ಸಲ ಸಡಿಲ ಮಾಡಿಸಲು ತಂದಿದ್ದರು. ನಾನು ಅವರ ಸೊಂಟಕ್ಕೆ ಟೇಪು ಸುತ್ತುತ್ತಿದ್ದಾಗ ಭಾವ ಕಿಟಕಿಯ ಪಕ್ಕ ಕೂತು ದೊಡ್ಡ ಗಂಟಲಿನಲ್ಲಿ ಪಾಠ ಓದುತ್ತಿದ್ದರು. "ಇನ್‌ಫ್ಲೇಷನ್! ಸುಮ್ಮನೆ ಏರ್ತಾನೇ ಹೋಗೋದು. ಯಾಕೆ ಏರ್ತು ಅಂದ್ರೆ ಯಾರಿಗೂ ಗೊತ್ತಿಲ್ಲ. ಇಳಿಸ್ತೀವಿ ಅಂತ ಪ್ರತಿ ವರ್ಷ ಮಾತು ಕೊಡ್ತಾರೆ, ಇಳಿಯಲ್ಲ."

ನಾನು ಟೇಪು ನೋಡಿದೆ. ಹೋದ ಸಲಕ್ಕಿಂತ ಎರಡಿಂಚು ಹೆಚ್ಚು. ಕಾಜಾ ಅಕ್ಕ ಬಾಯಿಗೆ ಬಟ್ಟೆ ತುರುಕಿಕೊಂಡು ಹಿಂದಿನ ಕೋಣೆಗೆ ಓಡಿದಳು. "ಮುಂದಿನ ತಿಂಗಳಿಂದ ವಾಕಿಂಗ್ ಶುರು ಮಾಡ್ತೀನಿ ತಾಯಿ, ಇದೇ ಕೊನೇ ಸಲ" ಎಂದರು ಬ್ಯಾಂಕಿನವರು. ಅವರು ಹೋದಮೇಲೆ ಪ್ಯಾಂಟಿಗೆ ಚುಚ್ಚುವ ಚೀಟಿಯ ಮೇಲೆ ನನ್ನ ಕೈ ತಾನಾಗಿಯೇ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿತು: ಇನ್‌ಫ್ಲೇಷನ್.

ನಮ್ಮ ಚೀಟಿಯ ವಿಷಯ ಇಲ್ಲಿ ಹೇಳಬೇಕು. ಎಲ್ಲ ಅಂಗಡಿಗಳಲ್ಲಿ ಬಟ್ಟೆಗೆ ನಂಬರು ಇರುತ್ತದೆ. ನಮ್ಮಲ್ಲಿ ಇಲ್ಲ. ನಂಬರು ನನಗೆ ನೆನಪಿರುವುದಿಲ್ಲ, ಗಿರಾಕಿಗಳ ಹೆಸರಂತೂ ಮೊದಲೇ ಇರುವುದಿಲ್ಲ, ಆದರೆ ಒಂದು ಸಲ ಅಳತೆ ತೆಗೆದ ಮೈಯನ್ನು ಸಾಯುವತನಕ ಮರೆಯುವವಳಲ್ಲ. ಅದಕ್ಕೇ ಬಟ್ಟೆ ಬಂದ ಕೂಡಲೇ "ಎಡಭುಜ ಇಳಿದವರು," "ಕೆಮ್ಮುವ ಅಂಕಲ್" ಎಂದೇನೋ ಒಂದು ಅಡ್ಡಹೆಸರು ಚೀಟಿಯಲ್ಲಿ ಬರೆದು ಗುಂಡುಪಿನ್ನಿನಿಂದ ಬಟ್ಟೆಯ ಒಳಮೈಗೆ ಚುಚ್ಚುತ್ತೇವೆ. ಇಸ್ತ್ರಿ ಮಾಡುವಾಗ ಕಾಜಾ ಅಕ್ಕ ಅದನ್ನು ತೆಗೆಯುತ್ತಾಳೆ. ಗಿರಾಕಿಯ ಕಣ್ಣಿಗೆ ಎಂದೂ ಬಿದ್ದಿಲ್ಲ. ಬಿದ್ದಿದ್ದರೆ ಅಂಗಡಿ ಇಷ್ಟು ದಿನ ಉಳಿಯುತ್ತಿರಲಿಲ್ಲ.

ಮರುದಿನ ಭಾವ ಕೇಳುವ ಮೊದಲೇ ನಾನು "ಇನ್‌ಫ್ಲೇಷನ್" ಎಂದೆ, ಅರ್ಥವನ್ನೂ ಹೇಳಿದೆ. ಭಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆವತ್ತಿನಿಂದ ಪದಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವ ಗೊಡವೆಗೇ ಹೋಗಲಿಲ್ಲ. ಬಟ್ಟೆಗೆ ಚುಚ್ಚಿದೆವು.

ಒಂದೇ ಮನೆಯ ಓರಗಿತ್ತಿಯರಿಬ್ಬರು ಗೌನು ಹೊಲಿಸಲು ಒಟ್ಟಿಗೇ ಬರುತ್ತಾರೆ. ಬಾಗಿಲ ತನಕ ಜಗಳ. ಅಳತೆಗೆ ನಿಂತಾಗ ಮಾತ್ರ ಇಬ್ಬರೂ ಉಸಿರು ಹಿಡಿದು ಸುಮ್ಮನೆ. ಟೇಪು ಬಿಚ್ಚಿದ ತಕ್ಷಣ ಮತ್ತೆ ಶುರು. ಅವರಿಗೆ ಸೀಸ್‌ಫೈರ್. ಅಣ್ಣತಮ್ಮ ಇಬ್ಬರಿಗೂ ಸೇರಿ ಒಂದೇ ಕೋಟು ಹೊಲಿಸಿದ ಮನೆಯೊಂದಿದೆ. ಅಣ್ಣ ಉದ್ದ, ತಮ್ಮ ಅಗಲ. ಕೋಟು ಇಬ್ಬರಿಗೂ ಸರಿಯಾಗಿ ಕೂರುವುದಿಲ್ಲ, ಇಬ್ಬರೂ ಬಿಟ್ಟುಕೊಡುವುದೂ ಇಲ್ಲ. ಆ ಕೋಟು ಕೊಯಲಿಷನ್. ತಾನು ಆರಡಿ ಎಂದು ಪ್ರತಿ ಸಲ ಹೇಳಿಕೊಳ್ಳುವ ವಿಮಾ ಏಜೆಂಟರಿದ್ದಾರೆ. ಟೇಪು ಒಪ್ಪಿಕೊಂಡಿಲ್ಲ. ಅವರು ಅಲೆಜ್ಡ್, ಅಂದರೆ ಹೇಳಿಕೆ ಇದೆ, ಸಾಬೀತಾಗಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವನು "ಯಾರು ಅಂತ ಕೇಳ್ಬೇಡಿ, ಆದ್ರೆ ಸುದ್ದಿ ಪಕ್ಕಾ" ಎಂದು ಬೀದಿಯ ಗುಟ್ಟುಗಳನ್ನೆಲ್ಲ ತಂದು ಸುರಿಯುತ್ತಾನೆ. ಅವನ ಹರಿದ ಜೇಬಿಗೆ ಸೋರ್ಸಸ್ ಎಂದು ಚುಚ್ಚಿದೆವು.

ಮೂಲೆಮನೆಯ ಮೇಡಂ ಸುಲಭಕ್ಕೆ ಸಿಕ್ಕರು. ಕುತ್ತಿಗೆ ಇಳಿಸಿದರೆ ಇಳಿಯಿತು ಎನ್ನುತ್ತಾರೆ, ಏರಿಸಿದರೆ ಉಸಿರು ಕಟ್ಟುತ್ತದೆ ಎನ್ನುತ್ತಾರೆ, ಅವರು ಹೇಳಿದ ಹಾಗೇ ಹೊಲಿದರೆ "ನಾನು ಹಾಗೆ ಹೇಳೇ ಇಲ್ಲ" ಎನ್ನುತ್ತಾರೆ. ಆಪೊಸಿಷನ್. ಒಂದು ದಿನ ಅವರು ಹೇಳದೆ ಕೇಳದೆ ಒಳಗೆ ನುಗ್ಗಿ ಮೇಜಿನ ಮೇಲಿದ್ದ ತಮ್ಮ ಅಂಗಿಯನ್ನು ಎತ್ತಿಕೊಂಡುಬಿಟ್ಟರು.

"ಇದೇನ್ರೀ, ನನ್ನ ಬಟ್ಟೆ ಮೇಲೆ ಆಪೊಸಿಷನ್ ಅಂತ ಬರೆದಿದೆ?"

ಭಾವ ಪೇಪರನ್ನು ಮುಖಕ್ಕೆ ಏರಿಸಿಕೊಂಡರು. ಕಾಜಾ ಅಕ್ಕ ತಲೆ ಎತ್ತದೆ, ದಾರ ಕಚ್ಚಿ ತುಂಡರಿಸುತ್ತ, "ಅದು ಕಟಿಂಗ್ ಹೆಸರು ಮೇಡಂ. ಹೊಸದು. ಎಲ್ಲರಿಗೂ ಹೊಂದಲ್ಲ, ಮೈಕಟ್ಟು ಚೆನ್ನಾಗಿರೋರಿಗೆ ಮಾತ್ರ" ಎಂದಳು.

"ನನಗೆ ಗೊತ್ತಿಲ್ವಾ? ನಮ್ಮಕ್ಕ ಐದು ವರ್ಷದಿಂದ ಅದೇ ಹಾಕೋದು" ಎಂದರು ಮೇಡಂ. ಅವರು ಮೊದಲ ಸಲ ಏನೂ ಕೊಂಕು ತೆಗೆಯದೆ ಅಂಗಿ ಒಯ್ದರು. ಹೋಗುವಾಗ ಇನ್ನೊಂದು ಆಪೊಸಿಷನ್ನಿಗೆ ಅಳತೆಯನ್ನೂ ಕೊಟ್ಟು ಹೋದರು.

ಹೀಗೆ ನಗುನಗುತ್ತಲೇ ಎಪ್ಪತ್ತು ಎಂಬತ್ತು ಪದವಾಯಿತು. ಅಂಗಡಿಗೆ ಗಿರಾಕಿ ಬಂದರೆ ಭಾವನಿಗೆ ನಮಗಿಂತ ಖುಷಿ. ಬಂದವರ ಸೊಂಟ, ಸೊಟ್ಟ ಭುಜ, ಹಟ, ಸುಳ್ಳು ಎಲ್ಲವೂ ಪಾಠಕ್ಕೆ ಬರುತ್ತಿದ್ದವು.

ಹದಿನೇಳನೇ ದಿನ ಭಾವ ಓದಿದ ಪದಗಳು ಬೇರೆ ಥರದವು. ಕಿಲ್ಡ್. ಇಂಜರ್ಡ್. ರೆಫ್ಯೂಜಿ. ರೆಸ್ಕ್ಯೂ. ಮಿಸ್ಸಿಂಗ್. ಅವರು ಅರ್ಥ ಹೇಳಿ ಮುಗಿಸಿದ ಮೇಲೆ ಕಾಜಾ ಅಕ್ಕ ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದಳು, ಇವತ್ತು ಇದು ಯಾರಿಗೆ ಅಂಟುತ್ತದೆ ಎಂದು. ಒಳಗೆ ಬಂದದ್ದು ಶಾಲೆಯ ಅಂಗಿಯ ಅಳತೆಗೆಂದು ಅಪ್ಪನ ಕೈ ಹಿಡಿದುಕೊಂಡ ಆರು ವರ್ಷದ ಹುಡುಗಿ. ನಾನು ಪೆನ್ನು ಕೆಳಗಿಟ್ಟೆ.

"ಇವನ್ನ ಯಾರಿಗೂ ಚುಚ್ಚೋದು ಬೇಡ" ಎಂದೆ.

"ಬೇಡ ಕಣೇ" ಎಂದಳು ಕಾಜಾ ಅಕ್ಕನೂ.

ಮಗು ಹೋದಮೇಲೆ ಭಾವ ಪೇಪರು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಅಚ್ಚಿನ ಮನೇಲಿ ಪೇಪರ್ ಮುದ್ರಣ ಆದ್ಮೇಲೆ ಜೋಡಿಸಿದ ಅಕ್ಷರನೆಲ್ಲ ಬಿಚ್ಚಿ ಮತ್ತೆ ಅದರದರ ಖಾನೆಗೆ ಹಾಕ್ಬೇಕಮ್ಮ. ದಿನಾ ಅದೇ ಕೆಲಸ. ಆದ್ರೆ ಇಂಥ ನಾಲ್ಕೈದು ಪದ ಮಾತ್ರ ನಾವು ಬಿಚ್ತಿರಲಿಲ್ಲ. ದಾರ ಸುತ್ತಿ ಹಾಗೇ ಕಟ್ಟಿ ಪಕ್ಕಕ್ಕೆ ಇಡ್ತಿದ್ವಿ. ನಾಳೆನೂ ಬೇಕಾಗುತ್ತೆ ಅಂತ ಗೊತ್ತಿರ್ತಿತ್ತಲ್ಲ" ಎಂದರು. ಆಮೇಲೆ ಅವರು ಆವತ್ತು ಪಾಠ ಮುಂದುವರಿಸಲಿಲ್ಲ. ನಾನು ಆ ಐದು ಪದಗಳನ್ನು ಚೀಟಿಗಳಲ್ಲಿ ಬರೆದು ಖಾಲಿ ಗುಂಡಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ಬರಬರುತ್ತ ಅದರೊಳಗೆ ಹತ್ತು ಹನ್ನೆರಡು ಚೀಟಿಗಳಾದವು. ವಿಚಿತ್ರವೆಂದರೆ ಯಾವ ಗಿರಾಕಿಯ ಆಸರೆಯೂ ಇಲ್ಲದೆ ಅವು ನನ್ನ ತಲೆಯಲ್ಲಿ ಉಳಿದವು.

ಆ ಹೊತ್ತಿಗೆ ಮಗಳ ಕೋಟು ಮೇಜಿಗೆ ಬಂತು. ಮೊದಲ ದಿನ ಟೀವಿಯಲ್ಲಿ ಹಾಕಿಕೊಳ್ಳಲೆಂದು ಕಡುನೀಲಿ ಬಟ್ಟೆ ತಂದುಕೊಟ್ಟಿದ್ದಳು. ಟ್ರಯಲ್ ನೋಡಲು ಅವಳನ್ನು ನಿಲ್ಲಿಸಿ, ಹೆಗಲಿಗೆ ಪಿನ್ನು ಹಾಕುತ್ತ, "ಕೆಲಸ ಹೇಗಿತ್ತೇ ಇವತ್ತು?" ಎಂದೆ.

"ಇತ್ತು."

"ಏನಾಯ್ತು ಆಫೀಸಲ್ಲಿ?"

"ಏನಿಲ್ಲ."

"ಕಣ್ಣೆಲ್ಲ ಕೆಂಪಾಗಿದೆಯಲ್ಲ?"

"ಬಿಡಮ್ಮ."

ಎರಡು ವರ್ಷದಿಂದ ಇದೇ ಕಥೆ. ಮೊದಲು ಶಾಲೆಯಿಂದ ಬಂದರೆ ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಡುತ್ತಿದ್ದವಳು. ಯಾರು ಯಾರಿಗೆ ಹೊಡೆದರು, ಟೀಚರ್ ಸ್ಕರ್ಟಿನ ಹೆಮ್ಮಿಂಗ್ ಎಲ್ಲಿ ಬಿಚ್ಚಿತ್ತು, ಎಲ್ಲವೂ ನನಗೆ ವರದಿಯಾಗುತ್ತಿತ್ತು. ದೊಡ್ಡ ಕೆಲಸ ಸಿಕ್ಕಿದ ಮೇಲೆ ಹೊಲಿಗೆಯವಳಿಗೆ ಹೇಳಿ ಏನಾಗಬೇಕು ಎಂದು ಸುಮ್ಮನಾಗಿದ್ದಾಳೆ ಎಂದೇ ನಾನು ತಿಳಿದಿದ್ದೆ. ಮೇಲೆ ಸಿಡುಕುತ್ತಿದ್ದೆ, ಒಳಗೆ ನೋಯುತ್ತಿದ್ದೆ. ಮರುದಿನ ಭಾವ ಪೇಪರಿನಲ್ಲಿ ಒಬ್ಬ ಮಂತ್ರಿಯ ಮಾತು ಓದಿದರು. "ನೋ ಕಾಮೆಂಟ್. ಅಂದ್ರೆ, ಕೇಳಿದ್ದಕ್ಕೆ ಹೇಳೋಕೆ ಏನೂ ಇಲ್ಲ ಅಂತ ಮುಖ ತಿರುಗಿಸ್ಕೊಂಡು ಹೋಗೋದು" ಎಂದು ಬಿಡಿಸಿ ಹೇಳಿದರು. ನನಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಚೀಟಿ ಬರೆದು ನೀಲಿ ಕೋಟಿನ ಒಳಗೆ, ಬೆನ್ನಿನ ಲೈನಿಂಗಿಗೆ ಚುಚ್ಚಿದೆ.

ಒಂದನೇ ತಾರೀಖು ಬಂದೇ ಬಂತು. ಕೋಟಿನ ಕೊನೆಯ ಗುಂಡಿ ಬೆಳಗ್ಗೆ ಒಂಬತ್ತೂವರೆಗೆ ಮುಗಿಯಿತು. ಕಚೇರಿಯ ಕಾರು ಆಗಲೇ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಕಾಜಾ ಅಕ್ಕ ಇಸ್ತ್ರಿ ಮಾಡಲು ಹೊರಟರೆ ನಾನೇ ಪೆಟ್ಟಿಗೆ ಕಿತ್ತುಕೊಂಡೆ. ನನ್ನ ಮಗಳ ಕೋಟಿಗೆ ನಾನೇ ಇಸ್ತ್ರಿ ಮಾಡಬೇಕು ಎಂಬ ಹಟ. ಮಡಿಸಿ ಅವಳ ಕೈಗೆ ಕೊಟ್ಟೆ. ಕಾರು ಹೋಯಿತು.

ಹನ್ನೊಂದೂ ಮುಕ್ಕಾಲಿಗೆ ಮನೆಯಿಂದ ತಂದ ಸಣ್ಣ ಟೀವಿಯನ್ನು ದಾರದುಂಡೆಗಳ ಶೆಲ್ಫಿನ ಮೇಲೆ ಇಟ್ಟೆವು. ಸೋರ್ಸಸ್‌ಗೆ ಒಂದು ಮಾತು ತಿಳಿದರೆ ಬೀದಿಗೆಲ್ಲ ತಿಳಿದ ಹಾಗೆ. ಬ್ಯಾಂಕಿನವರು ಬಂದರು, ಮೂಲೆಮನೆ ಮೇಡಂ ಬಂದರು, ಓರಗಿತ್ತಿಯರು ಬಂದು ಒಂದೇ ಬೆಂಚಿಗಾಗಿ ಕಿತ್ತಾಡಿದರು. ಭಾವ ಮುಂದಿನ ಸಾಲಿನಲ್ಲಿ ನಿಘಂಟು ತೊಡೆಯ ಮೇಲಿಟ್ಟುಕೊಂಡು ಕೂತರು, ಪರೀಕ್ಷೆ ಅವರದೇ ಅನ್ನುವ ಹಾಗೆ.

ಮಗಳು ಕಾಣಿಸಿದಳು. ನೀಲಿ ಕೋಟು, ನೆಟ್ಟಗಿನ ಬೆನ್ನು. ಎಷ್ಟು ನೆಟ್ಟಗೆಂದರೆ, ಮನೆಯಲ್ಲಿ ಮುದ್ದೆಯಾಗಿ ಕೂರುವ ಹುಡುಗಿ ಇವಳೇನಾ ಅನಿಸಿತು. "ಏನು ಠೀವಿ!" ಎಂದರು ಮೇಡಂ. ಅವರ ಬಾಯಲ್ಲಿ ಹೊಗಳಿಕೆ ಬಂದದ್ದು ಅದೇ ಮೊದಲು.

ಅವಳು ಬಾಯಿ ತೆರೆದಳು. ಮೊದಲ ವಾಕ್ಯ ಸರ್ರೆಂದು ಹೋಯಿತು, ಒಂದೂ ಸಿಗಲಿಲ್ಲ. ಅಯ್ಯೋ, ಮೂವತ್ತು ದಿನದ ಕಷ್ಟವೆಲ್ಲ ನೀರುಪಾಲಾಯಿತು ಎಂದುಕೊಳ್ಳುವಷ್ಟರಲ್ಲಿ ಎರಡನೇ ವಾಕ್ಯದಲ್ಲಿ ಕೊಯಲಿಷನ್ ಬಂತು. ಕೋಟು ಕಣ್ಣಮುಂದೆ ನಿಂತಿತು. ಓಹೋ, ಅಲ್ಲಿಯೂ ಅಣ್ಣತಮ್ಮ ತೋಳು ಎಳೆದಾಡುತ್ತಿದ್ದಾರೆ. ಆಪೊಸಿಷನ್ ಬೇಡ ಅಂದಿದೆ. ಸೋರ್ಸಸ್ ಹೇಳಿದ್ದಾರೆ, ಯಾರೋ ರಿಸೈನ್ ಮಾಡುತ್ತಾರಂತೆ. ಮಾತು ಒಂದೊಂದಾಗಿ ನನ್ನ ಅಂಗಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರತೊಡಗಿತು. "ಇನ್‌ಫ್ಲೇಷನ್" ಎಂದು ಅವಳು ಹೇಳಿದ ಕೂಡಲೇ ನಾನು, ಭಾವ, ಕಾಜಾ ಅಕ್ಕ ಮೂವರೂ ತಿರುಗಿ ಬ್ಯಾಂಕಿನವರನ್ನು ನೋಡಿದೆವು. ಅವರು ಪಾಪ, ಶರಟಿನ ಗುಂಡಿ ಬಿಚ್ಚಿದೆಯೇನೋ ಎಂದು ತಡಕಾಡಿಕೊಂಡರು.

ನಾನು ಗೆದ್ದೆ ಎಂದುಕೊಂಡೆ. ನಗು ತಡೆಯಲಾರದೆ ಕಾಜಾ ಅಕ್ಕನ ತೊಡೆ ಚಿವುಟಿದೆ.

ಆಗ ಯಾರದೋ ಕೈ ಟೀವಿಯೊಳಗೆ ಪಕ್ಕದಿಂದ ಬಂದು ಅವಳ ಮುಂದೆ ಒಂದು ಕಾಗದ ಇಟ್ಟಿತು. ಅವಳು ಅದನ್ನು ನೋಡಿ ಓದಿದಳು. ಬೋಟ್ ಎಂದಳು. ಅದರ ನಂತರದ ಪದ ನನಗೆ ಗೊತ್ತಿರಲಿಲ್ಲ, ನನ್ನ ನೂರೈವತ್ತರಲ್ಲಿ ಇರಲಿಲ್ಲ. ಬೇಕಾಗಲೂ ಇಲ್ಲ. ರೆಫ್ಯೂಜೀಸ್ ಎಂದಳು. ಮೂವತ್ತನಾಲ್ಕು. ಇಪ್ಪತ್ಮೂರು, ರೆಸ್ಕ್ಯೂಡ್. ಹನ್ನೊಂದು, ಮಿಸ್ಸಿಂಗ್. ಚಿಲ್ಡ್ರನ್ ಎಂದಳು.

ಗುಂಡಿ ಡಬ್ಬಿಯೊಳಗಿನ ಚೀಟಿಗಳನ್ನು ನನ್ನ ಮಗಳು ಒಂದೊಂದಾಗಿ ಎತ್ತಿ ಓದುತ್ತಿದ್ದಳು. ದನಿ ಅಲುಗಲಿಲ್ಲ. ಮುಖವೂ ಅಲುಗಲಿಲ್ಲ. ಆದರೆ ಮೇಜಿನ ಅಂಚಿನಲ್ಲಿ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಮೂರು ವರ್ಷದವಳಿದ್ದಾಗಿನಿಂದ ಅಳು ನುಂಗುವಾಗ ಅವಳು ಮಾಡುವುದು ಅದನ್ನೇ. ಅಂಗಡಿಯಲ್ಲಿ ಬೇರೆ ಯಾರಿಗೂ ಅದು ಕಾಣಲಿಲ್ಲ. ಮುಂದಿನ ಗಳಿಗೆಯಲ್ಲಿ ಅವಳು ಫುಟ್ಬಾಲಿಗೆ ಹೋದಳು, ನಕ್ಕಳು, ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ಎರಡು ವರ್ಷದಿಂದ ಹಿಂದಿನ ಕೋಣೆಯಲ್ಲಿ ಕೂತು ದಿನವಿಡೀ ಇಂಥದ್ದನ್ನೇ ಬರೆದು, ಸಂಜೆ ಮನೆಗೆ ಬಂದು, ಕೈಕಾಲು ತೊಳೆದು ನನ್ನೆದುರು ಊಟಕ್ಕೆ ಕೂರುತ್ತಿದ್ದಳಲ್ಲ ಈ ಹುಡುಗಿ. ನಾನು ಏನಾಯ್ತು ಎಂದು ಕೇಳುತ್ತಿದ್ದೆ. ಅನ್ನದ ತಟ್ಟೆಯ ಮುಂದೆ ಅವಳು ಏನು ಹೇಳಬೇಕಿತ್ತು? ನನಗೆ ನನ್ನ ಮೇಲೇ ಸಿಟ್ಟು ಬಂತು.

"ಅಲ್ಲ ಕಣೇ, ಇಸ್ತ್ರಿ ಮಾಡುವಾಗ ಚೀಟಿ ತೆಗೆದ್ಯಾ?" ಎಂದಳು ಕಾಜಾ ಅಕ್ಕ, ಗಿರಾಕಿಗಳೆಲ್ಲ ಹೋದಮೇಲೆ.

"ಯಾವ ಚೀಟಿ?"

"ನೋ ಕಾಮೆಂಟು."

ನಾನು ಹಣೆ ಹಣೆ ಚಚ್ಚಿಕೊಂಡೆ. ಇಪ್ಪತ್ತು ವರ್ಷದಲ್ಲಿ ಒಂದು ಚೀಟಿಯೂ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ. ಹೋದದ್ದು ನನ್ನ ಕೈಯಿಂದಲೇ, ನನ್ನ ಮಗಳ ಬೆನ್ನಿನ ಮೇಲೆಯೇ, ಅದೂ ಪಿನ್ನಿನ ಸಮೇತ. "ಅದಕ್ಕೇ ಅಷ್ಟು ಠೀವಿ" ಎಂದರು ಭಾವ, ನಿಘಂಟು ಮುಚ್ಚುತ್ತ.

ಸಂಜೆ ಆರಕ್ಕೆ ಮಗಳು ನೇರ ಅಂಗಡಿಗೇ ಬಂದಳು. ಕೋಟು ತೋಳಿನ ಮೇಲೆ, ಚೀಟಿ ಬೆರಳ ತುದಿಯಲ್ಲಿ. ಭಾವ ಬೇಗಬೇಗನೆ ಯಾವುದೋ ಪದ ಹುಡುಕತೊಡಗಿದರು. ಕಾಜಾ ಅಕ್ಕ ಪೋಣಿಸಿದ ಸೂಜಿಗೇ ಮತ್ತೆ ದಾರ ಪೋಣಿಸಿದಳು.

"ಅಮ್ಮ, ಹನ್ನೆರಡು ನಿಮಿಷ ನನ್ನ ಬೆನ್ನಿಗೆ ಪಿನ್ನು ಚುಚ್ತಾ ಇತ್ತು. ಅಲ್ಲಾಡೋ ಹಾಗಿಲ್ಲ, ಒರಗೋ ಹಾಗಿಲ್ಲ. ಏನಿದು? ಯಾರಿದು ನೋ ಕಾಮೆಂಟು?"

ಕಟಿಂಗ್ ಹೆಸರು ಎಂದು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಮಧ್ಯಾಹ್ನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದನ್ನು ತಳ್ಳಿಕೊಂಡು ಮುಂದೆ ಬಂತು.

"ಅದಿರಲಿ. ಆ ಹನ್ನೊಂದು ಜನ ಸಿಕ್ಕಿದ್ರಾ?"

"ಯಾವ ಹನ್ನೊಂದು ಜನ?"

"ದೋಣಿ ಮುಳುಗ್ತಲ್ಲೇ. ಇಪ್ಪತ್ಮೂರು ಜನನ ಎತ್ತಿದ್ರು, ಹನ್ನೊಂದು ಜನ ಕಾಣಿಸ್ತಿಲ್ಲ, ಮಕ್ಕಳೂ ಇದ್ರು ಅಂದ್ಯಲ್ಲ. ಅಷ್ಟು ಹೇಳಿ ಫುಟ್ಬಾಲಿಗೆ ಹೋಗ್ಬಿಟ್ಟೆ. ಮುಂದೇನಾಯ್ತು ಅಂತ ನಾನು ಯಾರನ್ನ ಕೇಳಲಿ?"

ಅವಳು ನನ್ನನ್ನು ನೋಡಿದಳು, ಭಾವನ ನಿಘಂಟನ್ನು ನೋಡಿದಳು, ಮೇಜಿನ ಮೇಲಿದ್ದ ಬಟ್ಟೆಗಳ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ಓದಿದಳು. ಒಂದು ಕಡೆ ತುಟಿ ನಗಲು ಹೊರಟಿತು, ಕಣ್ಣು ಕೇಳಲಿಲ್ಲ. ಅಳತೆಗೆ ಬಂದ ಮಕ್ಕಳನ್ನು ನಿಲ್ಲಿಸುವ ಗಿಡ್ಡ ಸ್ಟೂಲಿನ ಮೇಲೆ ಕುಸಿದು ಕೂತಳು.

"ಮಧ್ಯಾಹ್ನದಿಂದ ನಲವತ್ತು ಫೋನು ಬಂದಿದೆ ಅಮ್ಮ. ಕೋಟು ಚೆನ್ನಾಗಿತ್ತು ಅಂದ್ರು, ಕೂದಲು ಚೆನ್ನಾಗಿತ್ತು ಅಂದ್ರು, ಕೂತ ಭಂಗಿ ಚೆನ್ನಾಗಿತ್ತು ಅಂದ್ರು. ನ್ಯೂಸ್ ಕೇಳಿದ್ದು ನೀನೊಬ್ಬಳೇ."

ನಾನು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಕೊರಳಲ್ಲಿದ್ದ ಅಳತೆಯ ಟೇಪು ಅವಳ ಮುಖದ ಮೇಲೆ ಬಿತ್ತು. ಅವಳು ಸರಿಸಲಿಲ್ಲ.

"ಏಳು ಜನ ಸಿಕ್ಕಿದ್ರು. ಬದುಕಿದಾರೆ. ನಾಲ್ಕು ಜನ ಇನ್ನೂ ಇಲ್ಲ. ನಿಂಗೆ ಅರ್ಥ ಆಗಲ್ಲ ಅಂತ ನಾನು ಅಂದಿದ್ದು, ಅರ್ಥ ಆಗದೇ ಇರಲಿ ಅಂತ ಅಮ್ಮ. ಮನೇಲಿ ಒಬ್ಬರಾದ್ರೂ ಇದೆಲ್ಲ ಗೊತ್ತಿಲ್ದೆ ನಗ್ತಾ ಇರಲಿ ಅಂತ."

"ನಗೋಕೆ ನಂಗೇನು ಕಡಿಮೆ? ಇಲ್ಲಿ ನೋಡು, ಇನ್‌ಫ್ಲೇಷನ್ನಿನ ಪ್ಯಾಂಟು ಮತ್ತೆ ಬಂದಿದೆ" ಎಂದೆ. ಅವಳು ನಕ್ಕಳು, ಮೂಗು ಸುರಿಸಿಕೊಂಡೇ ನಕ್ಕಳು. ಆಮೇಲೆ ಒಂದು ಗಂಟೆ ಕೂತು ಎರಡು ವರ್ಷದ ಮಾತಾಡಿದಳು. ಕೆಲವು ನಾನು ಕೇಳಬಾರದಿತ್ತು ಅನಿಸುವಂಥವು. ಕೇಳಿದೆ. ಭಾವ ಒಂದು ಸಲವೂ ಪೇಪರಿನ ಪುಟ ತಿರುಗಿಸಲಿಲ್ಲ. ಹೊರಡುವಾಗ ಅವಳು ನೋ ಕಾಮೆಂಟ್ ಚೀಟಿಯನ್ನು ನನಗೆ ಕೊಡಲಿಲ್ಲ, ಕೋಟಿನ ಜೇಬಿಗೆ ಹಾಕಿಕೊಂಡಳು. ಪಿನ್ನು ಮಾತ್ರ ವಾಪಸ್ ಕೊಟ್ಟಳು.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಟೀವಿಯ ಮುಂದೆ ಆಗಲೇ ಬೆಂಚು ತುಂಬಿತ್ತು. ನನ್ನ ಫೋನು ಹೊಡೆದುಕೊಂಡಿತು. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

"ಅಮ್ಮ, ಇನ್ನಿಬ್ಬರು ಸಿಕ್ಕಿದ್ರು. ತಾಯಿ, ಮಗು. ಚೆನ್ನಾಗಿದಾರೆ" ಎಂದಳು, ಇಟ್ಟುಬಿಟ್ಟಳು.

ಇನ್ನು ಐದು ನಿಮಿಷಕ್ಕೆ ಅವಳು ಅದನ್ನೇ ಲೋಕಕ್ಕೆಲ್ಲ ಇಂಗ್ಲಿಷಿನಲ್ಲಿ ಹೇಳುವವಳಿದ್ದಳು. ನನಗೆ ಮೊದಲು, ನಮ್ಮ ಮಾತಿನಲ್ಲಿ ಹೇಳಿದಳು. "ಯಾರದು ಫೋನು?" ಎಂದಳು ಕಾಜಾ ಅಕ್ಕ. ಮಗಳದು ಎಂದೆ, ಟೀವಿಯ ಸದ್ದು ಜೋರು ಮಾಡಿದೆ.